ಎರಡು ಮೀಟರ್, ನಾನೂರು ಮೀಟರ್ ಕೇಬಲ್

(ಕೋಲಾರದಲ್ಲಿ ರೈತರು, ಮೋಟಾರ್ ವೈಂಡಿಂಗ್ ಮಾಡುವವರು ಮತ್ತು ಪಿಯುಸಿ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆ ವಿದ್ಯುತ್ತಿಗೆ ಇರುವುದು ಒಂದೇ ಹೆಸರು: ಕರೆಂಟ್. ಕರೆಂಟ್ ಹೋಯಿತು ಎನ್ನುತ್ತೇವೆ. ಕರೆಂಟ್ ಡಿಮ್ ಆಗಿದೆ ಎನ್ನುತ್ತೇವೆ. ಕರೆಂಟ್ ಹೊಡೆಯಿತು, ಕರೆಂಟ್ ಬಿಲ್ ಬಂತು, ಮೋಟಾರು ಜಾಸ್ತಿ ಕರೆಂಟ್ ಎಳೆಯುತ್ತಿದೆ ಎನ್ನುತ್ತೇವೆ. ದಿನದ ಮಾತಿಗೆ ಇಷ್ಟು ಸಾಕು, ಯಾರಿಗೂ ಗೊಂದಲವಾಗುವುದಿಲ್ಲ. ಆದರೆ ಲೆಕ್ಕಕ್ಕೆ ಕುಳಿತಾಗ ಈ ಒಂದು ಪದದೊಳಗೆ ಬೇರೆ ಬೇರೆ ಸಂಗತಿಗಳು ಅಡಗಿರುವುದು ಕಾಣುತ್ತದೆ. ಕರೆಂಟ್ ಹೋಯಿತು, ಡಿಮ್ ಆಯಿತು ಎಂದಾಗ ನಾವು ಹೇಳುತ್ತಿರುವುದು ವೋಲ್ಟೇಜಿನ ವಿಷಯ. ಪಠ್ಯಪುಸ್ತಕ ಅದನ್ನು ವಿಭವಾಂತರ ಎನ್ನುತ್ತದೆ. ಕರೆಂಟ್ ಹೊಡೆಯಿತು, ಮೋಟಾರು ಎಳೆಯಿತು ಎಂದಾಗ ಹೇಳುತ್ತಿರುವುದು ನಿಜವಾದ ಪ್ರವಾಹದ ವಿಷಯ, ಅಂದರೆ ಆಂಪಿಯರ್. ಬಿಲ್ಲಿನಲ್ಲಿ ಬರುವುದು ಇವೆರಡೂ ಅಲ್ಲ. ಅಲ್ಲಿರುವುದು ಇಷ್ಟು ಹೊತ್ತಿನಲ್ಲಿ ನಾವು ಬಳಸಿದ ಶಕ್ತಿ.

ಈ ಮೂರನ್ನು ಬಿಡಿಸಿ ನೋಡುವುದೇ ಇವತ್ತಿನ ಕೆಲಸ. ಅದಕ್ಕೆ ಬೇಕಾಗಿರುವುದು ಎರಡು ಮೀಟರ್, ಒಂದು ಭಾಗಾಕಾರ, ಒಂದು ಗುಣಾಕಾರ.

ಈ ಮೇಜಿನ ಮೇಲೆ ನೀರು ಕಾಯಿಸುವ ಒಂದು ಕಾಯಿಲ್ ಇದೆ. ನಿಮ್ಮೆಲ್ಲರ ಮನೆಯ ಬಚ್ಚಲಲ್ಲಿ ಇರುವಂಥದೇ. ಅದನ್ನು ಬಕೆಟ್ಟಿನ ನೀರಿನಲ್ಲಿ ಇಳಿಬಿಟ್ಟು ಸ್ವಿಚ್ ಹಾಕಿದ್ದೇನೆ. ವೋಲ್ಟ್ ಮೀಟರಿನಲ್ಲಿ 225 ಕಾಣುತ್ತಿದೆ, ತಂತಿಯನ್ನು ಸುತ್ತುವರಿದ ಕ್ಲಾಂಪ್ ಮೀಟರಿನಲ್ಲಿ 6.4 ಆಂಪಿಯರ್. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ 35 ಬರುತ್ತದೆ. ಇದು ಕಾಯಿಲಿನ ರೋಧ, 35 ಓಮ್. ಅವೆರಡನ್ನೇ ಗುಣಿಸಿದರೆ 1,440. ಇದು ಕಾಯಿಲು ಈ ಗಳಿಗೆಯಲ್ಲಿ ಪಡೆಯುತ್ತಿರುವ ಸಾಮರ್ಥ್ಯ, 1,440 ವ್ಯಾಟ್. ಭಾಗಿಸಿದರೆ ವಸ್ತುವಿನ ಗುಣ ಸಿಗುತ್ತದೆ, ಗುಣಿಸಿದರೆ ಅದು ಮಾಡುತ್ತಿರುವ ಕೆಲಸದ ವೇಗ ಸಿಗುತ್ತದೆ.

ಈಗ ಬೇಸಿಗೆಯ ಸಂಜೆಯನ್ನು ನೆನಪಿಸಿಕೊಳ್ಳಿ. ಊರಿನಲ್ಲಿ ವೋಲ್ಟೇಜ್ 160ಕ್ಕೆ ಇಳಿದಿದೆ. ಕಾಯಿಲಿನ ರೋಧ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ, 35 ಓಮ್. ಹಾಗಾಗಿ ಪ್ರವಾಹ 160ನ್ನು 35ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 4.6 ಆಂಪಿಯರ್. ಸಾಮರ್ಥ್ಯ 730 ವ್ಯಾಟ್. ವೋಲ್ಟೇಜಿನಲ್ಲಿ ಮೂರನೇ ಒಂದು ಪಾಲೂ ಹೋಗಿಲ್ಲ, ಕಾವು ಮಾತ್ರ ಅರ್ಧಕ್ಕೆ ಬಂದಿದೆ. ವೋಲ್ಟೇಜ್ ಇಳಿದಾಗ ಪ್ರವಾಹವೂ ಜೊತೆಯಲ್ಲೇ ಇಳಿದು, ಗುಣಾಕಾರದ ಎರಡೂ ಸಂಖ್ಯೆಗಳು ಸಣ್ಣವಾದವು. ಇಪ್ಪತ್ತು ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು 1,440 ವ್ಯಾಟಿನಲ್ಲಿ 34 ನಿಮಿಷ ಸಾಕಾದರೆ, 730 ವ್ಯಾಟಿನಲ್ಲಿ ಒಂದು ಗಂಟೆ ದಾಟುತ್ತದೆ. ಬಚ್ಚಲ ಮುಂದೆ ಕಾದು ನಿಂತವರಿಗೆಲ್ಲ ಗೊತ್ತಿರುವ ಸಂಗತಿ ಇದು. ಅದರ ಹಿಂದಿನ ಲೆಕ್ಕ ಇಷ್ಟೇ.

ಈ ಭಾಗಾಕಾರವನ್ನು ನಮಗೆ ಕೊಟ್ಟವನ ಬಗ್ಗೆ ಎರಡು ಮಾತು ಹೇಳಬೇಕು. ಗಿಯೋರ್ಗ್ ಸಿಮೋನ್ ಓಮ್ 1789ರಲ್ಲಿ ಜರ್ಮನಿಯ ಎರ್ಲಾಂಗನ್‌ನಲ್ಲಿ ಹುಟ್ಟಿದ. ತಂದೆ ಬೀಗ ಮಾಡುವ ಕಸುಬಿನವರು; ತಾವೇ ಓದಿಕೊಂಡು ಕಲಿತ ಗಣಿತವನ್ನು ಮಕ್ಕಳಿಗೆ ಹೇಳಿಕೊಟ್ಟವರು. ಓಮ್ ಕಲೋನ್ ನಗರದ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದುಕೊಂಡೇ ಪ್ರಯೋಗ ಮಾಡಿದ. ಅವನಿಗೆ ಎದುರಾದ ದೊಡ್ಡ ತೊಡಕು ನಮ್ಮ ಹಳ್ಳಿಯದೇ ತೊಡಕು: ವೋಲ್ಟೇಜ್ ನಿಲ್ಲುತ್ತಿರಲಿಲ್ಲ. ಆ ಕಾಲದ ಬ್ಯಾಟರಿಗಳು ಅಳೆಯುತ್ತಿರುವಾಗಲೇ ಕುಗ್ಗಿಬಿಡುತ್ತಿದ್ದವು. ಕೊನೆಗೆ ಅವನು ತಾಮ್ರ ಮತ್ತು ಬಿಸ್ಮತ್ ಲೋಹಗಳನ್ನು ಜೋಡಿಸಿ, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟ. ಎರಡು ಬೆಸುಗೆಗಳ ಬಿಸಿಯ ವ್ಯತ್ಯಾಸ ಬದಲಾಗದಿದ್ದರೆ ಹುಟ್ಟುವ ವೋಲ್ಟೇಜೂ ಬದಲಾಗುವುದಿಲ್ಲ. ಅಂಥ ಸ್ಥಿರ ಮೂಲ ಕೈಗೆ ಬಂದ ಮೇಲೆಯೇ ತಂತಿಯ ಉದ್ದಕ್ಕೂ ಪ್ರವಾಹಕ್ಕೂ ಇರುವ ನಂಟು ಅವನಿಗೆ ನಿಚ್ಚಳವಾಗಿ ಕಂಡಿತು. 1827ರಲ್ಲಿ ಪುಸ್ತಕ ಬಂತು. ತನ್ನ ನಾಡಿನಲ್ಲಿ ಅವನಿಗೆ ಸಿಕ್ಕ ಸ್ವಾಗತ ತಣ್ಣಗಿತ್ತು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿತು. ಒಬ್ಬ ಶಾಲಾ ಮೇಷ್ಟ್ರು ಸರಿಯಾದ ಒಂದು ಅಳತೆಗಾಗಿ ಅಷ್ಟು ತಾಳ್ಮೆ ತೋರಿಸಿದ್ದನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ.

ಆದರೆ ವಿದ್ಯಾರ್ಥಿಗಳು ಒಂದು ಎಚ್ಚರಿಕೆಯನ್ನು ಈಗಲೇ ಬರೆದುಕೊಳ್ಳಿ. ರೋಧ ಎಂಬುದು ವಸ್ತುವಿನ ಹಣೆಯ ಮೇಲೆ ಬರೆದಿಟ್ಟ ಸಂಖ್ಯೆಯಲ್ಲ. ಹಳೆಯ ಕಾಲದ 100 ವ್ಯಾಟ್ ಬಲ್ಬನ್ನು ತೆಗೆದುಕೊಳ್ಳಿ. ಉರಿಯುವಾಗ ಅದರ ರೋಧ 230ರ ವರ್ಗವನ್ನು 100ರಿಂದ ಭಾಗಿಸಿದಷ್ಟು, 529 ಓಮ್. ಆರಿಸಿ, ತಣ್ಣಗಾಗಲು ಬಿಟ್ಟು ಮಲ್ಟಿಮೀಟರ್ ಹಿಡಿದರೆ 40 ಓಮ್ ಆಸುಪಾಸು ತೋರಿಸುತ್ತದೆ. ಎರಡೂ ನಿಜ. ಲೋಹ ಬಿಸಿಯಾದಂತೆ ಪ್ರವಾಹಕ್ಕೆ ಅದು ಒಡ್ಡುವ ಅಡ್ಡಿ ಹೆಚ್ಚುತ್ತದೆ. ಬಲ್ಬಿನೊಳಗಿನ ಟಂಗ್‌ಸ್ಟನ್ ಎಳೆ ಎರಡು ಸಾವಿರ ಡಿಗ್ರಿ ದಾಟಿ ಕಾಯುತ್ತದೆ. ಹೀಗಾಗಿ ರೋಧ ಇಷ್ಟು ಎಂದು ಬರೆಯುವಾಗ ಯಾವ ಸ್ಥಿತಿಯಲ್ಲಿ ಅಳೆದದ್ದು ಎಂಬುದನ್ನೂ ಬರೆಯಬೇಕು.

ಇನ್ನು ಮೋಟಾರು. ಇಲ್ಲಿ ಕುಳಿತಿರುವ ಹೆಚ್ಚಿನವರು ಬಂದಿರುವುದು ಇದಕ್ಕಾಗಿ ಎಂದು ನನಗೆ ಗೊತ್ತು.

ವೋಲ್ಟೇಜ್ ಇಳಿದಾಗ ಕಾಯಿಲು ಕಡಿಮೆ ಪ್ರವಾಹ ಎಳೆಯಿತು, ಅಲ್ಲವೇ? ಕೊಳವೆ ಬಾವಿಯ ಮೋಟಾರು ಇದಕ್ಕೆ ತಿರುಗುಮುರುಗು. ಅದರ ತಲೆಯ ಮೇಲೆ ಸಾವಿರ ಅಡಿ ನೀರಿನ ಕಂಬ ನಿಂತಿದೆ. ವೋಲ್ಟೇಜ್ ಕಡಿಮೆ ಇದೆ ಎಂದು ಆ ನೀರು ಹಗುರವಾಗುವುದಿಲ್ಲ. ಹೊರೆ ಹಾಗೆಯೇ ಇರುವುದರಿಂದ ಮೋಟಾರು ತುಸು ನಿಧಾನವಾಗಿ, ಹೆಚ್ಚು ಪ್ರವಾಹ ಎಳೆದು, ಕೆಲಸವನ್ನು ಸರಿದೂಗಿಸಲು ನೋಡುತ್ತದೆ. ಹತ್ತು ಎಚ್‌ಪಿ ಮೋಟಾರು ಸರಿಯಾದ 415 ವೋಲ್ಟಿನಲ್ಲಿ 17 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. 350ಕ್ಕೆ ಇಳಿದರೆ 20, 22ಕ್ಕೂ ಏರುತ್ತದೆ. ಒಂದು ಎಚ್‌ಪಿ ಎಂದರೆ 746 ವ್ಯಾಟ್. ಹತ್ತು ಎಚ್‌ಪಿ ಎಂದರೆ 7,460 ವ್ಯಾಟ್. ಮೋಟಾರು ಕೊಡಬೇಕಾದ ಕೆಲಸ ಅದು.

ಮೂರು ಫೇಸಿನಲ್ಲಿ ಗುಣಾಕಾರ ಸ್ವಲ್ಪ ಬೇರೆ. ವೋಲ್ಟ್ ಮತ್ತು ಆಂಪಿಯರನ್ನು ಗುಣಿಸಿ, ಮತ್ತೆ 1.73ರಿಂದ ಗುಣಿಸಬೇಕು. 415, 17, 1.73: ಸುಮಾರು 12,200. ಇಷ್ಟೂ ಕೆಲಸಕ್ಕೆ ಬರುವುದಿಲ್ಲ. ಮೋಟಾರಿನಲ್ಲಿ ವೋಲ್ಟೇಜೂ ಪ್ರವಾಹವೂ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುವುದಿಲ್ಲ, ಪ್ರವಾಹ ಒಂದಿಷ್ಟು ಹಿಂದೆ ಬೀಳುತ್ತದೆ. ಅದಕ್ಕಾಗಿ ಪವರ್ ಫ್ಯಾಕ್ಟರ್ ಎಂಬ ಇನ್ನೊಂದು ಸಂಖ್ಯೆಯಿಂದ ಗುಣಿಸಬೇಕು. 0.8 ಇದ್ದರೆ ಸುಮಾರು 9,800 ವ್ಯಾಟ್. ಅದರಲ್ಲಿ 7,460 ನೀರೆತ್ತುವ ಕಡೆ ಹೋಗಿ, ಉಳಿದದ್ದು ಮೋಟಾರಿನೊಳಗೇ ಕಾವಾಗುತ್ತದೆ.

ಓಡುತ್ತಿರುವ ಮೋಟಾರಿನ ವೋಲ್ಟನ್ನು ಆಂಪಿಯರಿನಿಂದ ಭಾಗಿಸಿ ಇದೇ ವೈಂಡಿಂಗಿನ ರೋಧ ಎಂದುಕೊಳ್ಳಬೇಡಿ. ಆ ಉತ್ತರ ಇಪ್ಪತ್ತನಾಲ್ಕು ಓಮ್ ಬಂದರೂ, ನಿಂತ ಮೋಟಾರಿನ ತಂತಿಗೆ ಮೀಟರ್ ಹಿಡಿದಾಗ ಒಂದೆರಡು ಓಮ್ ಅಷ್ಟೇ ಕಾಣುತ್ತದೆ. ತಿರುಗುವ ಮೋಟಾರು ತನ್ನೊಳಗೇ ಒಂದು ಎದುರು ವೋಲ್ಟೇಜನ್ನು ಹುಟ್ಟಿಸುತ್ತದೆ. ಪ್ರವಾಹವನ್ನು ತಡೆದು ನಿಲ್ಲಿಸಿರುವುದು ಮುಖ್ಯವಾಗಿ ಅದು. ಮರಳು ಕಚ್ಚಿ ಪಂಪು ನಿಂತುಬಿಟ್ಟರೆ ಆ ತಡೆ ಇಲ್ಲವಾಗುತ್ತದೆ. ಪ್ರವಾಹ ಐದಾರು ಪಟ್ಟು ಏರಿ, ಪ್ರವಾಹ ಮಿತಿ ಮೀರಿದಾಗ ಲೈನು ಕಡಿಯಬೇಕಾದ ಸ್ಟಾರ್ಟರಿನ ರಿಲೇ ಸರಿಯಾಗಿಲ್ಲದಿದ್ದರೆ ಕ್ಷಣಗಳಲ್ಲಿ ವೈಂಡಿಂಗ್ ಕಪ್ಪಾಗುತ್ತದೆ.

ಈಗ ನಮ್ಮ ಮನೆಯ ಕಥೆ ಹೇಳುತ್ತೇನೆ. ಮುಳಬಾಗಿಲು ತಾಲ್ಲೂಕಿನಲ್ಲಿ ನಮ್ಮ ಜಮೀನು. ಬಾವಿ ಬತ್ತಿ, ಐನೂರು ಅಡಿಯ ಬೋರು ಬತ್ತಿ, ಕೊನೆಗೆ ಸಾವಿರದ ಮುನ್ನೂರು ಅಡಿಯ ಹತ್ತಿರ ಮೋಟಾರು ಇಳಿಸಿದ್ದೆವು. ಒಂದೇ ಬೇಸಿಗೆಯಲ್ಲಿ ಆ ಮೋಟಾರು ಮೂರು ಸಲ ಸುಟ್ಟಿತು. ಪ್ರತಿ ಸಲವೂ ಲಾರಿ ಕರೆಸಿ ಪೈಪು ಎತ್ತಿಸುವ ಖರ್ಚು, ವೈಂಡಿಂಗಿನ ಖರ್ಚು, ನಡುವೆ ಟೊಮೆಟೊ ಗಿಡ ಬಾಡುವುದು. ಅಪ್ಪ ಮೋಟಾರನ್ನು ಬೈದರು, ವೈಂಡಿಂಗ್ ಮಾಡಿದವರನ್ನು ಬೈದರು. ಆ ವೈಂಡಿಂಗ್ ಮೇಷ್ಟ್ರು ಕಣ್ಣಲ್ಲಿ ನೀರು ತಂದುಕೊಂಡು, "ಸ್ವಾಮಿ, ನನ್ನ ಕೆಲಸದಲ್ಲಿ ತಪ್ಪಿಲ್ಲ" ಎಂದದ್ದು ನನಗೆ ಇನ್ನೂ ನೆನಪಿದೆ. ಅವರ ಮಾತು ನಿಜವಾಗಿತ್ತು.

ಮೂರನೆಯ ಸಲ ಎತ್ತಿದಾಗ ನಾನು ಊರಿನಲ್ಲಿದ್ದೆ. ಹೊಲದಲ್ಲಿ ಕೇಬಲು ಉದ್ದಕ್ಕೆ ಮಲಗಿತ್ತು, ನಾನೂರು ಮೀಟರ್. ಅಂಗಡಿಯವರು ಆರು ಚದರ ಮಿಲಿಮೀಟರ್ ತಾಮ್ರ ಎಂದು ಕೊಟ್ಟಿದ್ದರು, ಮೇಲಿನ ಅಚ್ಚಿನಲ್ಲೂ ಹಾಗೆಯೇ ಇತ್ತು. ಮೂರು ಎಳೆಗಳಲ್ಲಿ ಎರಡನ್ನು ಒಂದು ತುದಿಯಲ್ಲಿ ಹೊಸೆದು ಸೇರಿಸಿದೆ. ಈ ತುದಿಯಲ್ಲಿ ಟ್ರ್ಯಾಕ್ಟರಿನ ಬ್ಯಾಟರಿ, ಜೊತೆಗೆ ಸಾಲಿನಲ್ಲಿ ಹೆಡ್‌ಲೈಟ್ ಬಲ್ಬು, ಅದೇ ಸಾಲಿನಲ್ಲಿ ಆಂಪಿಯರ್ ಮೀಟರ್. ವೋಲ್ಟ್ ಮೀಟರನ್ನು ಕೇಬಲಿನ ಎರಡು ಎಳೆಗಳ ನಡುವೆ ಅಡ್ಡ ಹಿಡಿದೆ. ಬಲ್ಬು ಇದ್ದದ್ದು ಪ್ರವಾಹ ಮಿತಿ ಮೀರದಿರಲಿ ಎಂದು.

2.5 ಆಂಪಿಯರ್ ಹರಿಯುತ್ತಿತ್ತು. ಕೇಬಲಿನ ಮೇಲೆ 8.6 ವೋಲ್ಟ್. ಭಾಗಿಸಿದರೆ 3.44 ಓಮ್.

ಎಷ್ಟು ಬರಬೇಕಿತ್ತು? ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ರೋಧ ಸುಮಾರು 0.0172 ಓಮ್. ಹೋಗಿ ಬರುವ ಎಂಟುನೂರು ಮೀಟರಿನಿಂದ ಗುಣಿಸಿ, ಆರರಿಂದ ಭಾಗಿಸಿದರೆ 2.29. ನಮ್ಮದು 3.44. ಹಿಂದಿನಿಂದ ಲೆಕ್ಕ ಹಾಕಿದರೆ ದಪ್ಪ ನಾಲ್ಕು ಚದರ ಮಿಲಿಮೀಟರ್. ಅಂದರೆ ಆರರ ಬೆಲೆ ಕೊಟ್ಟು ನಾಲ್ಕರ ಕೇಬಲು ತಂದಿದ್ದೆವು. ಮೇಲಿನ ಪ್ಲಾಸ್ಟಿಕ್ ದಪ್ಪವಾಗಿತ್ತು, ಒಳಗಿನ ತಾಮ್ರ ಸಣ್ಣದಿತ್ತು. ಕಣ್ಣಿಗೆ ಯಾರಿಗೂ ತಿಳಿಯುತ್ತಿರಲಿಲ್ಲ.

ಇದರಿಂದ ಮೋಟಾರಿಗೆ ಏನಾಗುತ್ತಿತ್ತು ನೋಡಿ. ಒಂದೊಂದು ಎಳೆಯ ರೋಧ 1.72 ಓಮ್. ಸ್ಟಾರ್ಟರಿನ ಹತ್ತಿರ ವೋಲ್ಟೇಜ್ 350, ಪ್ರವಾಹ 22. ಎಳೆಯೊಳಗೆ ಕಾವಾಗಿ ಹೋಗುವ ಸಾಮರ್ಥ್ಯ ತಿಳಿಯಲು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಬೇಕು. ಜೇಮ್ಸ್ ಜೂಲ್ 1840ರ ಸುಮಾರಿಗೆ ಅಳೆದು ತೋರಿಸಿದ ನಿಯಮ ಇದು. ವೋಲ್ಟೇಜ್ ಎಂಬ ಜಾಗದಲ್ಲಿ ಪ್ರವಾಹ ಮತ್ತು ರೋಧದ ಗುಣಲಬ್ಧವನ್ನು ಇಟ್ಟರೆ ನಮ್ಮ ಗುಣಾಕಾರವೇ ಹೀಗಾಗುತ್ತದೆ. 22ರ ವರ್ಗ 484. ಅದನ್ನು 1.72ರಿಂದ ಗುಣಿಸಿದರೆ 832. ಮೂರು ಎಳೆಗೆ ಸುಮಾರು 2,500 ವ್ಯಾಟ್. ಮೂರು ಎಚ್‌ಪಿಗಿಂತ ಹೆಚ್ಚು ಸಾಮರ್ಥ್ಯ ನೀರೆತ್ತದೆ, ಕೊಳವೆಯೊಳಗೆ ತಂತಿಯನ್ನು ಕಾಯಿಸುತ್ತಿತ್ತು! ವೋಲ್ಟೇಜಿನ ಲೆಕ್ಕ ಹಾಕಿದರೆ, ಪವರ್ ಫ್ಯಾಕ್ಟರ್ 0.8 ಹಿಡಿದು, ದಾರಿಯಲ್ಲೇ 52 ವೋಲ್ಟ್ ಸೋರುತ್ತಿತ್ತು. ಮೇಲೆ 350 ಕಂಡದ್ದು ಕೆಳಗಿನ ಮೋಟಾರಿಗೆ ಮುಟ್ಟುವಾಗ 300ಕ್ಕೂ ಕಡಿಮೆ. ಸಾವಿರದ ಮುನ್ನೂರು ಅಡಿ ಕೆಳಗೆ ಯಾರೂ ಮೀಟರ್ ಹಿಡಿಯಲಾಗುವುದಿಲ್ಲ. ಲೆಕ್ಕ ಮಾತ್ರ ಅಲ್ಲಿಗೆ ಇಳಿಯಬಲ್ಲದು.

ಹತ್ತು ಚದರ ಮಿಲಿಮೀಟರ್ ಕೇಬಲು ಹಾಕಿಸಿದೆವು. ಎಳೆಯ ರೋಧ 0.69 ಓಮ್‌ಗೆ ಇಳಿಯಿತು. ಕೆಳಗೆ ವೋಲ್ಟೇಜ್ ಸುಧಾರಿಸಿದ್ದರಿಂದ ಪ್ರವಾಹವೂ 19ಕ್ಕೆ ಬಂತು. ಈಗ ಕೇಬಲಿನಲ್ಲಿ ಹೋಗುವುದು 750 ವ್ಯಾಟ್, ಒಂದೇ ಎಚ್‌ಪಿ. ದಿನಕ್ಕೆ ಏಳು ಗಂಟೆ ಮೂರು ಫೇಸ್ ಬಂದರೆ ಉಳಿತಾಯ ಹನ್ನೆರಡು ಯೂನಿಟ್.

ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ನಮ್ಮ ರಾಜ್ಯದಲ್ಲಿ ಬಿಲ್ ಇಲ್ಲ, ಹಾಗಿರುವಾಗ ಹನ್ನೆರಡು ಯೂನಿಟ್ ಉಳಿಸಿ ಏನು ಎಂದು ಅಂದು ಪಕ್ಕದ ಹೊಲದ ಮಾವ ಕೇಳಿದರು. ಬಿಲ್ ಇಲ್ಲ ನಿಜ. ಆದರೆ ಆ ಮೂರು ಎಚ್‌ಪಿಯ ಪ್ರವಾಹ ಎಲ್ಲರಿಗೂ ಸೇರಿದ ಟಿ.ಸಿ.ಯಿಂದಲೇ, ಅಂದರೆ ಊರಿನ ಟ್ರಾನ್ಸ್‌ಫಾರ್ಮರಿನಿಂದಲೇ ಬರಬೇಕು, ಅದೇ ಅಲ್ಯೂಮಿನಿಯಂ ತಂತಿಯಲ್ಲೇ ಹರಿಯಬೇಕು. ಆ ತಂತಿಗೂ ರೋಧ ಇದೆ. ನನ್ನ ಹೊಲದಲ್ಲಿ ಆಂಪಿಯರ್ ಏರಿದಾಗ ಸಾಲಿನ ಕೊನೆಯ ಹೊಲದವರ ವೋಲ್ಟೇಜ್ ಇಳಿಯುತ್ತದೆ. ಅವರ ಮೋಟಾರು ಇನ್ನಷ್ಟು ಎಳೆಯುತ್ತದೆ, ಅದರಿಂದ ನನ್ನ ವೋಲ್ಟೇಜ್ ಇಳಿಯುತ್ತದೆ. ಒಂದು ಟಿ.ಸಿ.ಯ ಕೆಳಗಿರುವ ಹದಿನೈದು ಇಪ್ಪತ್ತು ಮೋಟಾರುಗಳು ಹೀಗೆ ಒಂದನ್ನೊಂದು ಸುಡುತ್ತವೆ. ಬಿಲ್ ಬಾರದಿದ್ದರೂ ವೈಂಡಿಂಗಿನ ಖರ್ಚಿನ ರೂಪದಲ್ಲಿ ನಾವು ಅದನ್ನು ಕಟ್ಟುತ್ತಲೇ ಇದ್ದೇವೆ.

ಪ್ರವಾಹದ ವರ್ಗದ ಈ ಮಾತು ಎಷ್ಟು ದೊಡ್ಡದು ಎಂಬುದಕ್ಕೆ ನಮ್ಮ ಜಿಲ್ಲೆಯ ಚರಿತ್ರೆಯೇ ಸಾಕ್ಷಿ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ಹುಟ್ಟಿಸಿದಾಗ ಅದು ಮೊದಲು ಬಂದದ್ದು ನಮ್ಮ ಕೆಜಿಎಫ್‌ಗೆ, ಚಿನ್ನದ ಗಣಿಗೆ. ಬೆಂಗಳೂರಿನ ಬೀದಿ ದೀಪಗಳಿಗೆ ವಿದ್ಯುತ್ ತಲುಪಿದ್ದು 1905ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಯೋಜನೆ. ಸುಮಾರು 147 ಕಿಲೋಮೀಟರ್ ಉದ್ದದ ತಂತಿ. ಆಗಿನ ಕಾಲಕ್ಕೆ ಜಗತ್ತೇ ತಿರುಗಿ ನೋಡುವಂಥ ದೂರ.

ನಮ್ಮ ನಾನೂರು ಮೀಟರ್ ಕೇಬಲಿನಲ್ಲೇ ಮೂರು ಎಚ್‌ಪಿ ಸೋರಿತಲ್ಲ, ಅಷ್ಟು ದೂರದಿಂದ ವಿದ್ಯುತ್ ಹೇಗೆ ಬಂತು? ವೋಲ್ಟೇಜನ್ನು 30,000ದ ಆಸುಪಾಸಿಗೆ ಏರಿಸಿ ಕಳುಹಿಸಿದರು. ಲೆಕ್ಕ ಸುಲಭವಾಗಲೆಂದು ಎರಡೇ ತಂತಿ ಇದೆ, ಅದರ ಒಟ್ಟು ರೋಧ 20 ಓಮ್, ಕಳುಹಿಸಬೇಕಾದದ್ದು 3,000 ಕಿಲೋವ್ಯಾಟ್ ಎಂದುಕೊಳ್ಳೋಣ. 30,000 ವೋಲ್ಟಿನಲ್ಲಿ ಬೇಕಾದ ಪ್ರವಾಹ 100 ಆಂಪಿಯರ್. ನೂರರ ವರ್ಗ ಹತ್ತು ಸಾವಿರ, ಇಪ್ಪತ್ತರಿಂದ ಗುಣಿಸಿದರೆ 200 ಕಿಲೋವ್ಯಾಟ್ ನಷ್ಟ. ಹದಿನೈದರಲ್ಲಿ ಒಂದು ಪಾಲು ಹೋಯಿತು, ತಾಳಿಕೊಳ್ಳಬಹುದು. ಅದನ್ನೇ 3,000 ವೋಲ್ಟಿನಲ್ಲಿ ಕಳುಹಿಸಲು ಹೊರಟರೆ 1,000 ಆಂಪಿಯರ್ ಬೇಕು. ನಷ್ಟ ನೂರು ಪಟ್ಟು, 20,000 ಕಿಲೋವ್ಯಾಟ್. ಕಳುಹಿಸುವುದೇ 3,000! ಅಂದರೆ ಆ ದಾರಿಯಲ್ಲಿ ಸಾಧ್ಯವೇ ಇರಲಿಲ್ಲ. ವೋಲ್ಟೇಜ್ ಹತ್ತು ಪಟ್ಟು ಏರಿಸಿದರೆ ಅದೇ ತಂತಿಯಲ್ಲಿ ನಷ್ಟ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೂರು ಕಿಲೋಮೀಟರಿಗೂ ಆಳವಾದ ಗಣಿಗಳ ಯಂತ್ರಗಳು ತಿರುಗಿದ್ದು ಈ ಒಂದು ಲೆಕ್ಕದ ಬಲದ ಮೇಲೆ. ಗಣಿ 2001ರಲ್ಲಿ ಮುಚ್ಚಿತು. ಆ ಲೆಕ್ಕ ಇವತ್ತಿಗೂ ಪಾವಗಡದ ಸೋಲಾರ್ ಪಾರ್ಕಿನಿಂದ ಹೊರಡುವ ದೊಡ್ಡ ಗೋಪುರದ ತಂತಿಗಳಲ್ಲಿ ಹಾಗೆಯೇ ನಡೆಯುತ್ತಿದೆ.

ಮಾತಿನ ನಂತರ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ವೈಂಡಿಂಗ್ ಕೆಲಸದ ಯುವಕನೊಬ್ಬ, "ಸರ್, ಮಲ್ಟಿಮೀಟರಿನಲ್ಲೇ ಓಮ್ ತೋರಿಸುತ್ತದಲ್ಲ, ಬ್ಯಾಟರಿ ಯಾಕೆ ಬೇಕು?" ಎಂದ. ಒಳ್ಳೆಯ ಪ್ರಶ್ನೆ. ಸಾಮಾನ್ಯ ಮಲ್ಟಿಮೀಟರಿನ ಎರಡು ವೈರುಗಳಿಗೇ 0.2, 0.3 ಓಮ್ ರೋಧ ಇರುತ್ತದೆ. 500 ಓಮ್ ಅಳೆಯುವಾಗ ಅದು ಲೆಕ್ಕಕ್ಕಿಲ್ಲ. ಒಂದು ಓಮ್ ಅಳೆಯುವಾಗ ಕಾಲು ಭಾಗ ತಪ್ಪು ಬರುತ್ತದೆ. ಬ್ಯಾಟರಿಯಿಂದ ಗಟ್ಟಿಯಾದ ಪ್ರವಾಹ ಹರಿಸಿ, ವೋಲ್ಟನ್ನು ಬೇರೆಯಾಗಿ ಅಳೆದರೆ ಮೀಟರಿನ ವೈರು ಉತ್ತರವನ್ನು ಕೆಡಿಸುವುದಿಲ್ಲ. ಮೂರು ಫೇಸಿನ ವೈಂಡಿಂಗಿಗೂ ಹೀಗೇ ಮಾಡಿ, ಮೂರೂ ಉತ್ತರ ಸಮ ಬರಬೇಕು. ಒಂದು ಕಡಿಮೆ ಬಂದರೆ ಅಲ್ಲಿ ಸುತ್ತುಗಳು ಒಂದಕ್ಕೊಂದು ಅಂಟಿವೆ. ಒಂದು ಮಾತು ಮಾತ್ರ ಮರೆಯಬೇಡಿ: ಆಂಪಿಯರಿಗೆ ಇಟ್ಟ ಮಲ್ಟಿಮೀಟರನ್ನು ಎಂದೂ ಲೈನಿಗೆ ಅಡ್ಡ ಹಿಡಿಯಬಾರದು. ಅದರ ರೋಧ ಇಲ್ಲವೆನ್ನುವಷ್ಟು ಕಡಿಮೆ. ಭಾಗಿಸಿ ನೋಡಿದರೆ ಎಷ್ಟು ಆಂಪಿಯರ್ ಎಂದು ನಿಮಗೇ ತಿಳಿಯುತ್ತದೆ. ಕೈಯಲ್ಲೇ ಸಿಡಿಯುತ್ತದೆ.

ಹಿರಿಯರೊಬ್ಬರು ಮೈಗೆ ಕರೆಂಟ್ ಹೊಡೆಯುವುದೂ ಇದೇ ಲೆಕ್ಕವೇ ಎಂದು ಕೇಳಿದರು. ಇದೇ ಲೆಕ್ಕ. ಒಣ ಚರ್ಮದ ರೋಧ ಬಹಳ ಹೆಚ್ಚು. ಕೆಸರಿನಲ್ಲಿ ಬರಿಗಾಲು, ಒದ್ದೆ ಕೈ ಇದ್ದಾಗ ಮೈಯ ರೋಧ ಸಾವಿರ ಓಮ್ ಆಸುಪಾಸಿಗೆ ಇಳಿಯಬಹುದು. 230ನ್ನು ಸಾವಿರದಿಂದ ಭಾಗಿಸಿದರೆ 0.23 ಆಂಪಿಯರ್. ಅದರ ಅರ್ಧಕ್ಕಿಂತ ಕಡಿಮೆ ಪ್ರವಾಹವೂ ಹೃದಯವನ್ನು ನಿಲ್ಲಿಸಬಲ್ಲದು. ಮನೆಗೆ ಹಾಕಿಸುವ ಆರ್‌ಸಿಸಿಬಿ 0.03 ಆಂಪಿಯರ್ ಸೋರಿದರೇ ಲೈನು ಕಡಿಯುತ್ತದೆ. ಸ್ಟಾರ್ಟರ್ ಪೆಟ್ಟಿಗೆಯ ಅರ್ತಿಂಗ್ ತಂತಿ ಕಿತ್ತುಹೋಗಿದ್ದರೆ ಇವತ್ತೇ ಸರಿ ಮಾಡಿಸಿ, ಮೋಟಾರಿಗಿಂತ ಮೊದಲು ಅದನ್ನು ಮಾಡಿಸಿ.

ಎಲ್ಲರೂ ಎದ್ದ ಮೇಲೆ ಮಾಲೂರಿನ ಕಡೆಯಿಂದ ಬಂದಿದ್ದ ಒಬ್ಬ ತಾಯಿ ಹತ್ತಿರ ಬಂದು, "ಮೇಷ್ಟ್ರೇ, ಗಾಡಿಯಲ್ಲಿ ಹೊಸ ಕೇಬಲಿದೆ, ಬೆಳಗ್ಗೆ ತಾನೇ ತಂದದ್ದು" ಎಂದರು. ಐನೂರು ಅಡಿಯ ಸುರುಳಿ, ಆರು ಚದರ ಮಿಲಿಮೀಟರ್ ಎಂದು ಅಚ್ಚು. ಅಂಗಳದಲ್ಲೇ ಬ್ಯಾಟರಿ, ಬಲ್ಬು ಜೋಡಿಸಿದೆವು. ಮೀಟರುಗಳನ್ನು ಅವರ ಕೈಗೇ ಕೊಟ್ಟೆ. 4.1 ಆಂಪಿಯರ್, 3.6 ವೋಲ್ಟ್ ಎಂದು ಓದಿದರು. ಮೊಬೈಲ್ ತೆಗೆದು ತಾವೇ ಭಾಗಿಸಿದರು: 0.88. ಬರಬೇಕಾದದ್ದು 0.87 ಎಂದು ಮಗಳು ಪುಸ್ತಕದಲ್ಲಿ ಲೆಕ್ಕ ಹಾಕಿ ತೋರಿಸಿದಳು. ಆ ತಾಯಿ ಸುರುಳಿಯನ್ನು ಮತ್ತೆ ಗಾಡಿಗೆ ಏರಿಸಿ, ನಾಳೆ ಬೆಳಗ್ಗೆಯೇ ಮೋಟಾರು ಇಳಿಸಿಬಿಡುತ್ತೇವೆ ಎಂದು ಹೇಳಿ ಹೊರಟರು.